ತಾಯಿಗಿಡ ಬಿತ್ತುವ ಹಾಗೆ ಬಿತ್ತಿ

ಬೀಜದಂಗಡಿಯ ಗೋಡೆಗೆ ತೂಗುಹಾಕಿರುವ ಬಣ್ಣದ ಪೊಟ್ಟಣಗಳನ್ನು ತಿರುವಿ ನೋಡಿ. ಪೆಟೂನಿಯಾ, ಜಿನ್ನಿಯಾ, ಪ್ಯಾನ್ಸಿ, ಆಸ್ಟರ್. ದಸರೆಯ ಆಸುಪಾಸಿನಲ್ಲಿ ಬಿತ್ತಿದರೆ ಸಂಕ್ರಾಂತಿ ಹೊತ್ತಿಗೆ ಅಂಗಳ ತುಂಬ ಹೂ, ಯುಗಾದಿ ಹೊತ್ತಿಗೆ ಬರೀ ಒಣ ಕಡ್ಡಿ. ಮುಂದಿನ ವರ್ಷ ಮತ್ತೆ ಪೊಟ್ಟಣ, ಮತ್ತೆ ಬಿತ್ತನೆ. ಇಷ್ಟವಿದ್ದವರು ಅದನ್ನೂ ಮಾಡಲಿ, ತಪ್ಪೇನಿಲ್ಲ. ಆದರೆ ಅದೇ ಮನೆಯ ಬಚ್ಚಲ ಹಿಂದೆ ಅಬ್ಬಲಿಗೆಯ ಬುಡವೊಂದು ಯಾರ ಉಪಚಾರವೂ ಇಲ್ಲದೆ ವರ್ಷಗಟ್ಟಲೆಯಿಂದ ಹೂ ಬಿಡುತ್ತಿರುತ್ತದೆ. ಅದರ ಬೀಜ ಯಾವ ಪೊಟ್ಟಣದಲ್ಲೂ ಇರುವುದಿಲ್ಲ.

ನಮ್ಮ ನೆಲದ್ದೇ ಆದ, ಒಮ್ಮೆ ಬೇರೂರಿದರೆ ವರ್ಷ ವರ್ಷ ಚಿಗುರಿ ಹೂ ಕೊಡುವ ಗಿಡಗಳನ್ನು ಬೀಜದಿಂದಲೇ ಎಬ್ಬಿಸುವ ಬಗೆ ಈ ಲೇಖನದ ವಿಷಯ. ಇಂಥ ಗಿಡಗಳನ್ನು ನಾವು ಸಾಮಾನ್ಯವಾಗಿ ಟೊಂಗೆ ನೆಟ್ಟು ಬೆಳೆಸುತ್ತೇವೆ. ಟೊಂಗೆಯ ಗಿಡ ಬೇಗ ಹೂ ಬಿಡುತ್ತದೆ, ನಿಜ. ಬೀಜದ ಗಿಡಕ್ಕಾದರೋ ತಾಯಿಬೇರು ನೇರವಾಗಿ ಕೆಳಗಿಳಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನೀವು ವಾರಗಟ್ಟಲೆ ಊರಲ್ಲಿಲ್ಲದಿದ್ದರೂ ಅದು ತಡೆದುಕೊಳ್ಳುತ್ತದೆ. ಇನ್ನೊಂದು ಕಾರಣವೂ ಇದೆ. ಒಂದೇ ಗಿಡದ ಟೊಂಗೆಗಳಿಂದ ಬಂದ ಹತ್ತು ಗಿಡ ಗುಣದಲ್ಲಿ ಒಂದೇ ಗಿಡವಿದ್ದಂತೆ. ಒಂದಕ್ಕೆ ಬಂದ ರೋಗ ಹತ್ತಕ್ಕೂ ಬಂದೀತು. ಬೀಜದ ಹತ್ತು ಗಿಡಗಳಲ್ಲಿ ಒಂದೆರಡು ಗಟ್ಟಿಯಾಗಿ ಉಳಿಯುತ್ತವೆ.

‘ಬೀಜ ಹಾಕಿದೆ, ಹುಟ್ಟಲೇ ಇಲ್ಲ’ ಎನ್ನುವವರನ್ನು ಹೇಗೆ ಹಾಕಿದಿರಿ ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ಕುಂಡಕ್ಕೆ ಗೊಬ್ಬರ ತುಂಬಿ, ಬೆರಳು ಚುಚ್ಚಿ ಗುಳಿ ಮಾಡಿ, ಬೀಜ ಹಾಕಿ ಮುಚ್ಚಿ, ಹೊತ್ತು ಹೊತ್ತಿಗೆ ನೀರು. ಅವರೆಕಾಳಿಗೆ ಈ ವಿಧಾನ ಸರಿ. ಕಾಡುಮೇಡಿನ ಹೂಗಿಡಗಳ ಬೀಜ ಒಂದೊಂದೂ ಒಂದೊಂದು ಬಗೆ. ಕಾಯಿ ಸಿಡಿಸಿ ಬೀಜ ಎಸೆಯುವ ಗಿಡವಿದೆ, ಹಕ್ಕಿಗೆ ಹಣ್ಣು ತಿನ್ನಿಸಿ ಕಳಿಸುವ ಗಿಡವಿದೆ, ದೂಳಿನಂತೆ ಉದುರಿಸುವ ಗಿಡವಿದೆ. ಬೀಜ ತಾಯಿಗಿಡದಿಂದ ಯಾವಾಗ ಬಿಡುಗಡೆಯಾಗುತ್ತದೆ, ಹೇಗೆ ನೆಲಕ್ಕೆ ಬೀಳುತ್ತದೆ ಎಂಬುದನ್ನು ಒಂದು ಋತು ಗಮನಿಸಿದರೆ ಬಿತ್ತುವ ಕಾಲ, ಆಳ, ಉಪಚಾರ ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಯಾವುದು ನಮ್ಮದು?

ಪೂಜೆಗೆ ಏರುವ ಹೂಗಳೆಲ್ಲ ಈ ನೆಲದವಲ್ಲ. ಚೆಂಡುಹೂ ಮೆಕ್ಸಿಕೋ ಕಡೆಯದು. ಸಂಜೆಮಲ್ಲಿಗೆ, ಕಾಗದದ ಹೂ ಎರಡೂ ಅಮೆರಿಕ ಖಂಡದವು. ನಿತ್ಯಪುಷ್ಪ ಮಡಗಾಸ್ಕರಿನದು. ಇವೆಲ್ಲ ಮನೆಯವರಂತೆ ಹೊಂದಿಕೊಂಡಿವೆ, ಅವುಗಳ ಮೇಲೆ ನನಗೇನೂ ಮುನಿಸಿಲ್ಲ. ಮುನಿಸು ಇರುವುದು ಲಂಟಾನದಂಥವುಗಳ ಮೇಲೆ. ಚೆಂದದ ಹೂವೆಂದು ತಂದ ಲಂಟಾನ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳ ನೆಲವನ್ನೇ ನುಂಗಿದೆ. ಅದರ ಹಿಂದೆಯೇ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಅಮೆರಿಕದ ಮರ ನಾಗರಹೊಳೆ, ಬಂಡೀಪುರ, ವಯನಾಡುಗಳಲ್ಲಿ ಹಬ್ಬುತ್ತಿದೆ. ಹಳದಿ ಸೆನ್ನಾ ಬೇಕೆನ್ನುವವರಿಗೆ ನಮ್ಮ ತಂಗಡಿ ಇದೆ, ಅದರ ಮಾತು ಮುಂದೆ ಬರುತ್ತದೆ.

‘ನಾಡಿನದು’ ಎಂದಾಕ್ಷಣ ಎಲ್ಲ ಕಡೆಯೂ ಬೆಳೆಯುತ್ತದೆ ಎಂದೂ ಅಲ್ಲ. ಜಂಬಿಟ್ಟಿಗೆ ಮಣ್ಣಿನ ಕೇಪಳ ಬಳ್ಳಾರಿಯ ಎರೆಮಣ್ಣಿನಲ್ಲಿ ಬಡಕಲಾಗುತ್ತದೆ. ಬಯಲುಸೀಮೆಯ ತಂಗಡಿ ಆಗುಂಬೆಯ ಮಳೆಗೆ ಕೊಳೆಯುತ್ತದೆ. ನಿಮ್ಮ ಮನೆಯಿಂದ ಹತ್ತಾರು ಮೈಲಿ ಸುತ್ತಿನಲ್ಲಿ ರಸ್ತೆ ಬದಿ, ಕೆರೆ ಏರಿ, ದೇವಸ್ಥಾನದ ಹಿತ್ತಿಲಲ್ಲಿ ತಾನಾಗಿ ಬೆಳೆದಿರುವುದು ಯಾವುದು ಎಂದು ನೋಡಿಕೊಂಡು ಆರಿಸಿ.

ಅಬ್ಬಲಿಗೆಯಿಂದ ಶುರುಮಾಡಿ

ಮೊದಲ ಸಲ ಕೈಹಾಕುವವರಿಗೆ ಅಬ್ಬಲಿಗೆಯಷ್ಟು ಒಳ್ಳೆಯ ಗುರು ಇನ್ನೊಂದಿಲ್ಲ. ಮೈಸೂರು ಸೀಮೆಯ ಕನಕಾಂಬರವೂ ಇದೇ. ದಕ್ಷಿಣ ಭಾರತ, ಶ್ರೀಲಂಕಾ ಇದರ ತವರು. ದಂಡೆ ಕಟ್ಟುವ ಆಸೆಯಲ್ಲಿ ನಾವು ಹೂ ಕಿತ್ತುಬಿಡುವುದರಿಂದ ಬಹಳ ಮಂದಿ ಇದರ ಕಾಯಿಯನ್ನೇ ನೋಡಿರುವುದಿಲ್ಲ. ನಾಲ್ಕಾರು ತೆನೆಗಳನ್ನು ಕೀಳದೆ ಬಿಡಿ. ಹೂ ಉದುರಿದ ಮೇಲೆ ತೆನೆಯ ಒಂದೊಂದು ಹಸಿರು ಪದರದ ಮರೆಯಲ್ಲೂ ಉದ್ದನೆಯ ಪುಟ್ಟ ಕಾಯಿ ಬಲಿಯುತ್ತದೆ. ತೆನೆ ಬುಡದಿಂದ ತುದಿಯ ಕಡೆಗೆ ಒಣಗುತ್ತಾ ಹೋಗುತ್ತದೆ. ಒಳಗೆ ಹೆಚ್ಚೆಂದರೆ ನಾಲ್ಕು ಬೀಜ.

ಕಾಯಿ ಒಣಗಿದ ಮಾತ್ರಕ್ಕೆ ಬಾಯಿಬಿಡುವುದಿಲ್ಲ. ಮಳೆಹನಿಯೋ ಇಬ್ಬನಿಯೋ ತಾಗಬೇಕು. ತಾಗಿದ ಸ್ವಲ್ಪ ಹೊತ್ತಿಗೆ ಟಪ್ಪೆಂದು ಎರಡು ಹೋಳಾಗಿ ಸಿಡಿದು ಬೀಜವನ್ನು ಆಚೆ ಎಸೆಯುತ್ತದೆ. ಒಳಗೆ ಬೀಜ ಕೂತಿರುವುದು ಗಟ್ಟಿ ಕೊಕ್ಕೆಯೊಂದರ ಮೇಲೆ. ಆ ಕೊಕ್ಕೆಯೇ ಬೀಜವನ್ನು ಚಿಮ್ಮುತ್ತದೆ. ಬೇಸಿಗೆಯಿಡೀ ಬೀಜವನ್ನು ಮುಚ್ಚಿಟ್ಟುಕೊಂಡು, ನೆಲ ಒದ್ದೆಯಾಗಿದೆ ಎಂದು ಖಾತರಿಯಾದ ಮೇಲೆ ಬಿಡುವ ಈ ಏರ್ಪಾಡಿನಿಂದ ನಾವು ತಿಳಿಯಬೇಕಾದದ್ದು ಇಷ್ಟು: ಅಬ್ಬಲಿಗೆ ಬೀಜಕ್ಕೆ ಬೆಚ್ಚಗಿನ ಒದ್ದೆ ನೆಲ ಬೇಕು, ಆಳ ಬೇಡ. ಮಳೆ ಬಿದ್ದ ಮೇಲಿನ ಮೇ ಕೊನೆ, ಜೂನ್ ಇದಕ್ಕೆ ಹೇಳಿಮಾಡಿಸಿದ ಕಾಲ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಬಿತ್ತಿದರೆ ಬೀಜ ಸುಮ್ಮನೆ ಮಲಗಿರುತ್ತದೆ.

ಬೀಜ ಹಿಡಿಯುವುದಕ್ಕೆ ಎರಡು ಉಪಾಯ. ಕಂದು ಬಣ್ಣಕ್ಕೆ ತಿರುಗಿದ ತೆನೆಗೆ ಹಳೆ ಪಂಚೆಯ ತುಂಡನ್ನೋ ತೆಳು ಬಲೆಬಟ್ಟೆಯ ಚೀಲವನ್ನೋ ಸಡಿಲವಾಗಿ ಕಟ್ಟಿ ಬಿಡಬಹುದು. ಇಲ್ಲವೇ ತೆನೆಯನ್ನು ಕತ್ತರಿಸಿ ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ ಹಾಕಿ, ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಿ. ಕಾಯಿ ಸಿಡಿದು ಮುಚ್ಚಳಕ್ಕೆ ಬಡಿಯುವ ಸದ್ದು ಹೊರಗೆ ಕೇಳುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸ ಅವರಿಗೇ ವಹಿಸಿ. ಆಮೇಲೆ ಬೀಜವನ್ನು ಆಯ್ದು ನೆರಳಲ್ಲಿ ಒಣಗಿಸಿ, ಅಥವಾ ಹದವಾದ ಕಾಲವಾದರೆ ಅಂದೇ ಬಿತ್ತಿ.

ಬಿತ್ತಿದ ಬೀಜ ಒಂದೇ ದಿನ ಎದ್ದು ನಿಲ್ಲುವುದಿಲ್ಲ. ಕೆಲವು ಎರಡು ವಾರಕ್ಕೆ, ಕೆಲವು ತಿಂಗಳಿಗೆ. ಮೊದಲಿನವು ಬಂದವೆಂದು ಉಳಿದ ಮಣ್ಣನ್ನು ಕೆದಕಬೇಡಿ. ನಾಲ್ಕೈದು ಎಲೆಯಾದಾಗ ಕಿತ್ತು ಒಂದೂವರೆ ಅಡಿ ಅಂತರದಲ್ಲಿ ನಾಟಿ ಮಾಡಿದರೆ ಎರಡು ಮೂರು ತಿಂಗಳಿಗೆ ಮೊದಲ ತೆನೆ ಬರುತ್ತದೆ. ಮಧ್ಯಾಹ್ನದ ನಂತರ ತುಸು ನೆರಳು ಬೀಳುವ ಜಾಗ ಇದಕ್ಕೆ ಇಷ್ಟ. ಒಂದೇ ಜಾಗದಲ್ಲಿ ಅಬ್ಬಲಿಗೆಯ ಮೇಲೆ ಅಬ್ಬಲಿಗೆ ಹಾಕುತ್ತಾ ಹೋದರೆ ಬೇರಿಗೆ ಜಂತುಹುಳು ಸೇರಿ ಗಿಡ ಕಾರಣವಿಲ್ಲದೆ ಸೊರಗಿದಂತೆ ಕಾಣುತ್ತದೆ. ಹಾಗಾದಾಗ ಜಾಗ ಬದಲಿಸುವುದೇ ಮದ್ದು. ಬೇವಿನ ಹಿಂಡಿಯೂ ಸ್ವಲ್ಪ ಸಹಾಯಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಮಾರುಕಟ್ಟೆಯಲ್ಲಿ ‘ಡೆಲ್ಲಿ ಕನಕಾಂಬರ’ ಎಂಬ ತಳಿ ಬಹಳ ಪ್ರಸಿದ್ಧ. ಹೂ ದೊಡ್ಡದು, ಬಣ್ಣ ಗಾಢ. ಆದರೆ ಅದು ಮೂರು ಸೆಟ್ ವರ್ಣತಂತುಗಳ ತಳಿಯಾದ್ದರಿಂದ ಬೀಜ ಕಟ್ಟುವುದಿಲ್ಲ, ಟೊಂಗೆಯಿಂದಲೇ ಬೆಳೆಸಬೇಕು. ಅದರ ತೆನೆ ಒಣಗಲೆಂದು ಕಾದು ಕೂತರೆ ಕಾದಷ್ಟೇ ಬಂತು. ಹಳೆ ಮನೆಗಳ ಹಿತ್ತಿಲಲ್ಲಿರುವ ಸಣ್ಣ ಎಸಳಿನ ನಾಟಿ ಅಬ್ಬಲಿಗೆಯನ್ನೇ ಹುಡುಕಿ.

ಇದೇ ಕುಟುಂಬಕ್ಕೆ ಸೇರಿದ ಸ್ಫಟಿಕ ಮತ್ತು ಹಳದಿ ಹೂವಿನ ಮುಳ್ಳುಗೋರಂಟೆಯ ಕಾಯಿಗಳೂ ಸಿಡಿಯುವ ಜಾತಿಯವೇ. ಸ್ಫಟಿಕದ ಕಾಯಿಯಲ್ಲಿ ನಾಲ್ಕು, ಮುಳ್ಳುಗೋರಂಟೆಯದರಲ್ಲಿ ಎರಡು ಚಪ್ಪಟೆ ಬೀಜ. ಒಣ ಬೀಜದ ಮೇಲೆ ರೇಷ್ಮೆಯ ನುಣುಪು ಕಾಣುತ್ತದೆ. ನೀರು ತಾಗಿದೊಡನೆ ಆ ರೋಮಗಳೇ ಲೋಳೆಯಾಗಿ ಬೀಜವನ್ನು ಮಣ್ಣಿಗೆ ಅಂಟಿಸುತ್ತವೆ. ಹಾಗಾಗಿ ಇವನ್ನು ರಾತ್ರಿ ನೆನೆಹಾಕುವ ಗೋಜಿಗೆ ಹೋಗಬೇಡಿ, ಮುದ್ದೆಯಾಗಿ ಕೈಗೇ ಮೆತ್ತಿಕೊಳ್ಳುತ್ತವೆ. ಒಣಗಿದ್ದಾಗಲೇ ಮಣ್ಣಿನ ಮೇಲಿಟ್ಟು, ಮರಳು ಉದುರಿಸಿ, ನೀರು ಚಿಮುಕಿಸಿದರೆ ಸಾಕು. ಮುಳ್ಳುಗೋರಂಟೆ ಬೇಲಿಗೂ ಆಗುತ್ತದೆ, ದನ ಮುಟ್ಟುವುದಿಲ್ಲ. ಸ್ಫಟಿಕ ಚಳಿಗಾಲದ ಹೂ. ದೀಪಾವಳಿಯ ನಂತರ ಬೇರೆ ಗಿಡಗಳು ಸುಮ್ಮನಾದಾಗ ಇದು ತೆರೆದುಕೊಳ್ಳುತ್ತದೆ.

ಗಟ್ಟಿ ಸಿಪ್ಪೆಯವು

ಶಂಖಪುಷ್ಪ ಮತ್ತು ತಂಗಡಿ ಬೇರೆ ಜಾತಿಯ ಹಟಮಾರಿಗಳು. ಶಂಖಪುಷ್ಪದ ತವರು ಯಾವುದೆಂದು ಸಸ್ಯವಿಜ್ಞಾನಿಗಳಲ್ಲಿ ಇನ್ನೂ ವಾದವಿದೆ. ನಮ್ಮ ಬೇಲಿಗಳಲ್ಲಂತೂ ಅದು ತಲೆತಲಾಂತರದಿಂದ ಇದೆ, ಅದಕ್ಕೇ ಇಲ್ಲಿ ಸೇರಿಸಿದ್ದೇನೆ. ತಂಗಡಿಯ ವಿಷಯದಲ್ಲಿ ಅಂಥ ಅನುಮಾನವಿಲ್ಲ. ಬಳ್ಳಾರಿ, ಚಿತ್ರದುರ್ಗ, ಕೊಪ್ಪಳದ ಕಲ್ಲುಗುಡ್ಡಗಳಲ್ಲಿ ಹಳದಿ ಹಾಸಿದಂತೆ ಅರಳುವ, ಕೆಲವೆಡೆ ಆವರಿಕೆ ಎನ್ನುವ ಈ ಪೊದೆ ಅಪ್ಪಟ ಒಣನಾಡಿನದು. ಅದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ನೆರೆಯ ತೆಲಂಗಾಣ ಇದನ್ನು ತನ್ನ ರಾಜ್ಯ ಪುಷ್ಪ ಮಾಡಿಕೊಂಡಿದೆ, ಅಲ್ಲಿ ಬತುಕಮ್ಮ ಹಬ್ಬಕ್ಕೆ ಈ ಹೂ ಬೇಕೇ ಬೇಕು. ನಾವು ಮಾತ್ರ ಇದನ್ನು ಕಳೆ ಎಂದು ಸವರಿ, ಅದೇ ಜಾಗದಲ್ಲಿ ಹೊರದೇಶದ ಹಳದಿ ಹೂವಿನ ಪೊದೆ ನೆಡುತ್ತೇವೆ.

ಎರಡರ ಬೀಜದ ಸಿಪ್ಪೆಯೂ ನೀರು ಇಳಿಯದಷ್ಟು ಬಿಗಿ. ಒಂದು ಅಕಾಲದ ಮಳೆಗೆ ಎಲ್ಲ ಬೀಜವೂ ಮೊಳೆತು, ಆಮೇಲಿನ ಬಿಸಿಲಿಗೆ ಎಲ್ಲವೂ ಸತ್ತರೆ ವಂಶವೇ ಹೋಯಿತಲ್ಲ? ಆದ್ದರಿಂದ ಈ ವರ್ಷ ಕೆಲವು, ಮುಂದಿನ ವರ್ಷ ಕೆಲವು, ಮಣ್ಣಿನಲ್ಲಿ ಸಿಪ್ಪೆ ಸವೆದಂತೆಲ್ಲ ಮೊಳೆಯುತ್ತವೆ. ಅಷ್ಟು ಕಾಯಲು ನಮಗೆ ಪುರುಸೊತ್ತಿಲ್ಲ. ಶಂಖಪುಷ್ಪದ ಬೀಜವನ್ನು ಮರಳು ಕಾಗದದ ಮೇಲೆ ಒಂದು ಬದಿ ತಿಕ್ಕಿ, ಇಲ್ಲವೇ ಉಗುರು ಕತ್ತರಿಯಿಂದ ಸಿಪ್ಪೆಯನ್ನು ಚೂರೇ ಚೂರು ಕಿತ್ತುಹಾಕಿ. ಬೀಜ ಕಾಯಿಗೆ ಅಂಟಿಕೊಂಡಿದ್ದ ಕಣ್ಣಿನ ಭಾಗವನ್ನು ಮಾತ್ರ ಮುಟ್ಟಬೇಡಿ, ಮೊಳಕೆ ಇರುವುದು ಅದರ ಹತ್ತಿರವೇ. ನಂತರ ರಾತ್ರಿಯಿಡೀ ನೆನೆಸಿ. ತಂಗಡಿಗೆ ಬಿಸಿನೀರಿನ ಉಪಚಾರ ಸುಲಭ: ನೀರು ಕುದಿಸಿ ಒಲೆಯಿಂದ ಇಳಿಸಿ, ಒಂದೆರಡು ನಿಮಿಷ ಬಿಟ್ಟು, ಬೀಜದ ಮೇಲೆ ಸುರಿದು ತಣ್ಣಗಾಗಲು ಬಿಡಿ. ಒಲೆಯ ಮೇಲಿಟ್ಟು ಬೀಜವನ್ನು ಬೇಯಿಸಬಾರದು. ಬೆಳಗ್ಗೆ ನೋಡಿದಾಗ ಉಬ್ಬಿದ ಬೀಜಗಳನ್ನು ಬಿತ್ತಿ, ಉಬ್ಬದೆ ಹಾಗೇ ಉಳಿದವಕ್ಕೆ ಇನ್ನೊಂದು ಸಲ ಅದೇ ಉಪಚಾರ. ಉಬ್ಬದ ಬೀಜವನ್ನು ಬಿತ್ತಿ ನೀರು ಹಾಕುವುದು ಬರೀ ದಂಡ.

ಇವೆರಡನ್ನೂ ಪಾತಿಯಲ್ಲಿ ಒಟ್ಟಿಗೆ ಎಬ್ಬಿಸಿ ಕಿತ್ತು ನೆಡಬೇಡಿ. ತಾಯಿಬೇರು ಬೇಗ ಇಳಿಯುವುದರಿಂದ ಕೀಳುವಾಗ ತುಂಡಾಗುತ್ತದೆ. ಉದ್ದನೆಯ ಚೀಲವೊಂದಕ್ಕೆ ಎರಡು ಬೀಜದಂತೆ ಹಾಕಿ, ಅಥವಾ ಇರಬೇಕಾದ ಜಾಗದಲ್ಲೇ ಬಿತ್ತಿ. ಶಂಖಪುಷ್ಪ ವಾರ ಹದಿನೈದು ದಿನದಲ್ಲಿ ಮೊಳೆತು, ಮಳೆಗಾಲ ಮುಗಿಯುವುದರೊಳಗೆ ಹೂ ಕಾಣಿಸುತ್ತದೆ. ಇದು ಬಹುಮಟ್ಟಿಗೆ ತನ್ನ ಪರಾಗವನ್ನು ತಾನೇ ಬಳಸಿಕೊಳ್ಳುವ ಹೂವಾದ್ದರಿಂದ ಬಿಳಿಯ ಬೀಜಕ್ಕೆ ಬಿಳಿ, ನೀಲಿಯ ಬೀಜಕ್ಕೆ ನೀಲಿ ಬರುವುದೇ ಹೆಚ್ಚು. ವರ್ಷಕ್ಕೊಮ್ಮೆ ಮಂಡಿ ಎತ್ತರಕ್ಕೆ ಸವರಿದರೆ ಬಳ್ಳಿ ಹೊಸದಾಗಿ ಚಿಗುರುತ್ತದೆ.

ತಂಗಡಿಗೆ ಪೂರ್ತಿ ಬಿಸಿಲು ಕೊಡಿ, ಗೊಬ್ಬರ ಕೊಡಬೇಡಿ. ಚೆನ್ನಾಗಿ ನೋಡಿಕೊಳ್ಳುತ್ತೇವೆಂದು ದಿನವೂ ನೀರು ಹಾಕಿದರೆ ಎಲೆ ಸೊಂಪಾಗಿ ಬಂದು ಹೂ ಹಿಂದೆ ಬೀಳುತ್ತದೆ. ಇದರ ಹೂವಿನಲ್ಲಿ ಮಕರಂದವಿಲ್ಲ. ಪರಾಗಕ್ಕಾಗಿ ಬರುವ ಕಪ್ಪು ಭ್ರಮರ ಹೂವನ್ನು ಅಪ್ಪಿ ಹಿಡಿದು ರೆಕ್ಕೆಯ ಸ್ನಾಯು ಅದುರಿಸಿ ಗುಂಯ್‌ಗುಡುತ್ತದೆ, ಆಗ ಪರಾಗಕೋಶದ ತುದಿಯ ತೂತಿನಿಂದ ಪರಾಗ ಉದುರುತ್ತದೆ. ತಿಳಿ ಹಳದಿ ವಲಸೆ ಚಿಟ್ಟೆಗಳು ಇದರ ಎಲೆಯ ಮೇಲೆ ಮೊಟ್ಟೆ ಇಡುತ್ತವೆ. ಹಸಿರು ಹುಳು ಕಂಡ ಕೂಡಲೇ ಔಷಧಿ ಸಿಂಪಡಿಸಲು ಓಡಬೇಡಿ. ಹುಳು ತಿಂದ ಕೊಂಬೆ ಮತ್ತೆ ಚಿಗುರುತ್ತದೆ. ಚಿಟ್ಟೆ ಬೇಕು, ಹುಳು ಬೇಡ ಎಂದರೆ ನಡೆಯುವುದಿಲ್ಲ.

ಹಕ್ಕಿಯ ಪಾಲು

ಕೇಪಳದ ಹಣ್ಣನ್ನು ಕರಾವಳಿಯ ಮಕ್ಕಳು ತಿಂದೇ ಬೆಳೆದಿರುತ್ತಾರೆ. ಗುಡ್ಡದ ಕೇಪಳದಲ್ಲಿ ಹೂಗೊಂಚಲು ಕಳೆದ ಮೇಲೆ ಕೆಂಪಾಗಿ, ಕೊನೆಗೆ ಕಪ್ಪುಕೆಂಪಾಗುವ ಪುಟ್ಟ ಹಣ್ಣು ಬರುತ್ತದೆ. ಹಕ್ಕಿ ತಿಂದು ಹಾಕಿದ ಬೀಜ ಮೊಳೆಯುತ್ತದೆ, ಹಣ್ಣಿನ ಸಮೇತ ಮಣ್ಣಿಗೆ ಬಿದ್ದದ್ದು ಬೂಷ್ಟು ಹಿಡಿಯುತ್ತದೆ. ಆದ್ದರಿಂದ ತಿರುಳು ಪೂರ್ತಿ ಹೋಗುವ ತನಕ ಬೀಜವನ್ನು ಬೂದಿಯಲ್ಲೋ ಮರಳಿನಲ್ಲೋ ಉಜ್ಜಿ ತೊಳೆದು, ಒಣಗಿಸಿ ಇಡದೆ ಕೂಡಲೇ ಬಿತ್ತಿ. ಮೊಳೆಯಲು ಒಂದು ತಿಂಗಳೂ ಆದೀತು, ಮೂರೂ ಆದೀತು. ಹೂವಿಗೆ ಎರಡು ಮೂರು ವರ್ಷ ಕಾಯಬೇಕು. ನರ್ಸರಿಯ ಕುಬ್ಜ ತಳಿಗಳಲ್ಲಿ ಹಣ್ಣು ಕಾಣುವುದೇ ಅಪರೂಪ, ಅವುಗಳಿಂದ ಬೀಜದ ಆಸೆ ಬೇಡ.

ಬೆಂಗಳೂರು, ಕೋಲಾರದ ಕಡೆ ಕೇಪಳದ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುವುದನ್ನು ನೋಡಿರುತ್ತೀರಿ. ಕೊಳವೆಬಾವಿಯ ಗಡಸು ನೀರಿನಿಂದ ಮಣ್ಣು ಕ್ಷಾರವಾಗಿ, ಕಬ್ಬಿಣದ ಅಂಶ ಬೇರಿಗೆ ದಕ್ಕದೆ ಹೀಗಾಗುತ್ತದೆ. ಟಾನಿಕ್ ಹುಡುಕುವ ಮೊದಲು ಮಳೆನೀರು ಹಿಡಿದು ಹಾಕಿ ನೋಡಿ, ಬುಡಕ್ಕೆ ಕೊಳೆತ ಎಲೆಗೊಬ್ಬರ ಕೊಡಿ.

ಪಾರಿಜಾತದ ವಿಷಯ ಸರಳ. ಬಿಲ್ಲೆಯಂಥ ಚಪ್ಪಟೆ ಕಾಯಿ ಬೇಸಿಗೆ ಹೊತ್ತಿಗೆ ಕಂದಾಗಿ ಎರಡು ಹೋಳಾಗುತ್ತದೆ, ಹೋಳಿಗೊಂದು ಬೀಜ. ಮಳೆಗೆ ಮುಂಚೆ ಬಿತ್ತಿದರೆ ಸುಲಭವಾಗಿ ಮೊಳೆಯುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತರೆ ಸತ್ತಿತೆಂದು ಕೀಳಬೇಡಿ, ಅಷ್ಟೇ.

ದೂಳಿನಂಥ ಬೀಜ

ಕರಾವಳಿ, ಮಲೆನಾಡಿನವರಿಗೆ ನೆಕ್ಕರೆ ಗೊತ್ತು. ಗದ್ದೆ ಬದುವಿನಲ್ಲಿ, ಗುಡ್ಡದ ಇಳಿಜಾರಿನಲ್ಲಿ ನೇರಳೆ-ಗುಲಾಬಿ ಹೂವಿನ ಪೊದೆ. ಹಣ್ಣು ಒಡೆದರೆ ಒಳಗಿನ ಕಪ್ಪುನೇರಳೆ ತಿರುಳು ನಾಲಿಗೆಗೆ ಬಣ್ಣ ಹಿಡಿಸುತ್ತದೆ. ಉದ್ಯಾನದಲ್ಲಿ ಇಡಲು ಇದಕ್ಕಿಂತ ಚೆಲುವಾದ ಪೊದೆ ನಮ್ಮ ಪಶ್ಚಿಮ ಘಟ್ಟದ ಸೆರಗಿನಲ್ಲಿ ಕಡಿಮೆ ಎಂದೇ ನನ್ನ ಅಭಿಪ್ರಾಯ. ನರ್ಸರಿಯವರು ಯಾಕೆ ಇದನ್ನು ಮಾರುವುದಿಲ್ಲವೋ ತಿಳಿಯದು.

ತಿರುಳನ್ನು ನೀರಿನಲ್ಲಿ ಕಿವುಚಿ ತೆಳು ಬಟ್ಟೆಯಲ್ಲಿ ಸೋಸಿದರೆ ಉಳಿಯುವ ಬೀಜ ದೂಳಿನಷ್ಟು ಸಣ್ಣದು. ಇದನ್ನು ಮಣ್ಣಿನಿಂದ ಮುಚ್ಚಿದರೆ ಕೆಟ್ಟಿತು. ಅಷ್ಟು ಸಣ್ಣ ಬೀಜದೊಳಗೆ ಮಣ್ಣು ಸೀಳಿ ಮೇಲೆ ಬರುವಷ್ಟು ಆಹಾರ ಇರುವುದಿಲ್ಲ, ಮೊಳೆಯಲು ಅದಕ್ಕೆ ಬೆಳಕೂ ಬೇಕು. ಒಂದು ಚಿಟಿಕೆ ಬೀಜವನ್ನು ಒಂದು ಹಿಡಿ ನಯವಾದ ಮರಳಿಗೆ ಬೆರೆಸಿ, ಸಮತಟ್ಟಾದ ಒದ್ದೆ ಮಣ್ಣಿನ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಮೇಲಿನಿಂದ ನೀರು ಹಾಕಿದರೆ ಬೀಜವೆಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ. ಅಡಿಯಲ್ಲಿ ತೂತಿರುವ ಡಬ್ಬವನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ನೀರು ಹೀರಲು ಬಿಡಿ. ಮೇಲೆ ಗಾಜಿನ ತುಂಡನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಮುಚ್ಚಿ, ನೇರ ಬಿಸಿಲು ತಾಗದ ಬೆಳಕಿನಲ್ಲಿಡಿ. ಹಸಿರು ಚುಕ್ಕೆಗಳು ಕಂಡ ಮೇಲೆ ಮುಚ್ಚಳವನ್ನು ದಿನಾ ಸ್ವಲ್ಪ ಸ್ವಲ್ಪ ಸರಿಸಿ. ತಿಂಗಳೆರಡು ತಿಂಗಳು ಸಸಿ ಬೆಳೆದಂತೆಯೇ ಕಾಣುವುದಿಲ್ಲ. ಆಮೇಲೆ ಓಟ. ತುಳಸಿಕಟ್ಟೆಯ ಬಿರುಕಿನಲ್ಲಿ ತಾನೇ ಹುಟ್ಟುವ ತುಳಸಿ ಸಸಿಗಳನ್ನು ನೆನೆಯಿರಿ. ಅವನ್ನೂ ಯಾರೂ ಮಣ್ಣು ಮುಚ್ಚಿ ಬಿತ್ತಿರುವುದಿಲ್ಲ.

ಗೌರಿ ಹೂವಿಗೆ ತಾಳ್ಮೆ ಬೇಕು

ಭಾದ್ರಪದದ ಗೌರಿ ಹಬ್ಬದ ಹೊತ್ತಿಗೆ ಬೇಲಿಯ ಮೇಲೆ ಉರಿಯುವ ಕೆಂಪು-ಹಳದಿ ಎಸಳಿನ ಬಳ್ಳಿ ಇದು. ಅಗ್ನಿಶಿಖೆ ಎಂದೂ ಹೆಸರುಂಟು. ತಮಿಳುನಾಡಿನ ರಾಜ್ಯ ಪುಷ್ಪವೂ ಇದೇ, ಜಿಂಬಾಬ್ವೆಯ ರಾಷ್ಟ್ರೀಯ ಪುಷ್ಪವೂ ಇದೇ. ಕಾಯಿ ಬಿರಿದಾಗ ಕಾಣುವ ಕೆಂಪು ಬೀಜ ಬಿತ್ತಿದರೆ ತಿಂಗಳುಗಟ್ಟಲೆ ಸದ್ದಿಲ್ಲ. ಮೊಳೆತ ಮೇಲೂ ಮೊದಲ ವರ್ಷ ಹುಲ್ಲಿನಂಥ ಒಂದೆರಡು ಎಲೆ, ಮಣ್ಣಿನೊಳಗೆ ಒಂದು ಸಣ್ಣ ಗೆಡ್ಡೆ. ಮಳೆ ಮುಗಿದ ಮೇಲೆ ಎಲೆ ಒಣಗಿ ಮಾಯವಾಗುತ್ತದೆ. ಇಲ್ಲಿಯೇ ಬಹಳ ಜನ ಕುಂಡ ಬರಿದು ಮಾಡಿ ಕೊತ್ತಂಬರಿ ಹಾಕಿಬಿಡುತ್ತಾರೆ. ಹಾಗೆ ಮಾಡದೆ, ನೀರು ನಿಲ್ಲಿಸಿ, ಕುಂಡವನ್ನು ಮಳೆ ತಾಗದ ಮೂಲೆಗೆ ಸರಿಸಿಟ್ಟು, ಮುಂದಿನ ಮೇ ಕೊನೆಯಲ್ಲಿ ಹೊರಗೆ ತನ್ನಿ. ಗೆಡ್ಡೆ ವರ್ಷವರ್ಷ ದಪ್ಪವಾಗಿ ಮೂರು ನಾಲ್ಕನೇ ಮಳೆಗಾಲಕ್ಕೆ ಹೂ ಕೊಡುತ್ತದೆ.

ಗಿಡದ ಎಲ್ಲ ಭಾಗದಲ್ಲೂ ಕಾಲ್ಚಿಸಿನ್ ಎಂಬ ಕಟು ವಿಷವಿದೆ, ಗೆಡ್ಡೆ ಮತ್ತು ಬೀಜಗಳಲ್ಲಿ ಹೆಚ್ಚು. ಗೆಡ್ಡೆ ಗೆಣಸಿನಂತೆ ಕಾಣುವುದರಿಂದ ಅಪಾಯ ಇನ್ನೂ ಜಾಸ್ತಿ. ಪುಟ್ಟ ಮಕ್ಕಳು, ನೆಲ ಕೆದಕುವ ನಾಯಿ ಇರುವ ಮನೆಯಲ್ಲಿ ಇದನ್ನು ಬೆಳೆಸಲೇಬೇಡಿ. ಬೀಜ ಮುಟ್ಟಿದ ಕೈ ತೊಳೆಯಿರಿ, ಬೀಜವನ್ನು ಅಡುಗೆಮನೆಯ ಡಬ್ಬಿಗಳ ಹತ್ತಿರ ಇಡಬೇಡಿ.

ನೀಲಕುರಿಂಜಿ ಬೆಳೆಸಬಹುದೇ ಎಂದು ಕೇಳುವವರೂ ಇದ್ದಾರೆ. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲು ನೀಲಿಯಾದಾಗಿನಿಂದ ಈ ಆಸೆ ಹೆಚ್ಚಾಗಿದೆ. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಕಟ್ಟಿ ಸಾಯುವ ಆ ಗಿಡಕ್ಕೆ ಬೆಟ್ಟದ ಹುಲ್ಲುಗಾವಲಿನ ಮಂಜು, ಗಾಳಿ ಬೇಕು. ಮನೆಯಂಗಳಕ್ಕೆ ಅದು ಬೇಡ. ಅಲ್ಲೇ ಹೋಗಿ ನೋಡಿ ಬನ್ನಿ.

ಮಣ್ಣು, ನೀರು, ಶತ್ರುಗಳು

ಬೀಜದ ಮಣ್ಣಿಗೆ ಗೊಬ್ಬರ ಹೆಚ್ಚು ಬೇಡ. ಮೊಳಕೆಗೆ ಬೇಕಾದ ಬುತ್ತಿ ಬೀಜದಲ್ಲೇ ಇರುತ್ತದೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರವೋ ತೊಳೆದ ತೆಂಗಿನ ನಾರಿನ ಪುಡಿಯೋ ಸಾಕು. ಹಸಿ ಸೆಗಣಿ ಸುತರಾಂ ಬೇಡ. ಮಿಶ್ರಣವನ್ನು ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇಸಿಗೆ ಬಿಸಿಲಿನಲ್ಲಿ ಒಂದೆರಡು ವಾರ ಇಟ್ಟರೆ ಕಳೆಬೀಜ, ರೋಗಾಣು ಬಹುಪಾಲು ಸಾಯುತ್ತವೆ. ಆಳದ ಲೆಕ್ಕ ಸರಳ: ಬೀಜ ಎಷ್ಟು ದಪ್ಪವೋ ಅದರ ಎರಡು ಮೂರರಷ್ಟು ಮಣ್ಣು ಮೇಲೆ, ದೂಳು ಬೀಜಕ್ಕೆ ಏನೂ ಇಲ್ಲ. ಹಾಲಿನ ಕವರು, ಮೊಸರಿನ ಡಬ್ಬ, ಅಡಿಕೆ ಹಾಳೆಯ ದೊನ್ನೆ ಯಾವುದಾದರೂ ಆಗುತ್ತದೆ, ಅಡಿಯಲ್ಲಿ ತೂತಿರಬೇಕು.

ನಿನ್ನೆ ನೆಟ್ಟಗಿದ್ದ ಸಸಿಗಳು ಇಂದು ಬುಡದಲ್ಲಿ ದಾರದಂತೆ ತೆಳ್ಳಗಾಗಿ ಸಾಲಾಗಿ ಮಲಗಿದ್ದರೆ ಅದು ಬುಡಕೊಳೆ. ಒತ್ತಾಗಿ ಬಿತ್ತಿದ್ದು, ಸಂಜೆ ನೀರು ಹಾಕಿದ್ದು, ಗಾಳಿಯಾಡದ್ದು, ಈ ಮೂರೂ ಸೇರಿದರೆ ಅದಕ್ಕೆ ಔತಣ. ನೀರು ಬೆಳಗ್ಗೆ ಮಾತ್ರ ಹಾಕಿ, ಮೇಲ್ಮಣ್ಣು ಆರಿದ ಮೇಲೆ ಹಾಕಿ. ಬಿದ್ದ ಸಸಿಗಳನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು ಎಸೆಯಿರಿ. ಮುಂಜಾಗ್ರತೆಗೆ ಟ್ರೈಕೋಡರ್ಮಾ ಪುಡಿಯನ್ನು ಮಣ್ಣಿಗೆ ಬೆರೆಸಬಹುದು, ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿ. ಬೀಜ ಹೊತ್ತೊಯ್ಯುವ ಇರುವೆಗೆ ಕುಂಡವನ್ನು ನೀರಿನ ತಟ್ಟೆಯ ನಡುವೆ ಕಲ್ಲಿನ ಮೇಲಿಡುವುದೇ ಉಪಾಯ. ಕರಾವಳಿಯಲ್ಲಿ ಬಸವನಹುಳುವಿನ ಕಾಟ. ಅದನ್ನು ರಾತ್ರಿ ಟಾರ್ಚ್ ಹಿಡಿದು ಕೈಯಿಂದ ಆರಿಸುವುದೇ ಸರಿ.

ಕಾಲದ ಬಗ್ಗೆ ಒಂದು ಮಾತು. ಬಯಲುಸೀಮೆಯಲ್ಲಿ ಮುಂಗಾರಿನ ಮೊದಲ ಮಳೆಗಳೇ ಬಿತ್ತನೆಯ ಕಾಲ. ಕರಾವಳಿ, ಮಲೆನಾಡಿನಲ್ಲಿ ಜೂನ್-ಜುಲೈ ಮಳೆಗೆ ಸಸಿ ಕೊಳೆಯುವುದರಿಂದ ಒಂದೋ ಮೇ ಮೊದಲ ವಾರಗಳಲ್ಲಿ ಸೂರಿನಡಿ ಬಿತ್ತಿ ಮಳೆ ಹಿಡಿಯುವ ಮೊದಲು ಗಟ್ಟಿ ಮಾಡಿಕೊಳ್ಳಬೇಕು, ಇಲ್ಲವೇ ಮಖೆ ಮಳೆ ಕಳೆದು ಬಿಸಿಲು ಇಣುಕುವ ತನಕ ಕಾಯಬೇಕು. ನಾಟಿಯಾದ ಮೊದಲ ಬೇಸಿಗೆಯಲ್ಲಿ ಮಾತ್ರ ನೀರು, ಬುಡಕ್ಕೆ ಒಣ ಎಲೆಯ ಹೊದಿಕೆ ತಪ್ಪಿಸಬೇಡಿ. ಎರಡನೇ ಬೇಸಿಗೆಗೆ ಗಿಡ ತನ್ನನ್ನು ತಾನು ನೋಡಿಕೊಳ್ಳುತ್ತದೆ.

ಬೀಜ ಎಲ್ಲಿಂದ?

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಬೀಜ, ಗೆಡ್ಡೆ ತರುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡಿ ಬರುತ್ತದೆ. ಅದರ ಅಗತ್ಯವೂ ಇಲ್ಲ. ಇಲ್ಲಿ ಹೇಳಿದ ಗಿಡಗಳೆಲ್ಲ ಊರ ಬೇಲಿ, ಹಿತ್ತಿಲು, ಗೋಮಾಳದ ಅಂಚಿನಲ್ಲಿ ಸಿಗುತ್ತವೆ. ಸಿಕ್ಕ ಗಿಡದಿಂದಲೂ ಒಂದು ಪಾಲು ತೆಗೆದು ಉಳಿದದ್ದನ್ನು ಅಲ್ಲೇ ಬಿಡಿ. ಒಂದೇ ಗಿಡದಿಂದ ಬೊಗಸೆ ತುಂಬಿಕೊಳ್ಳುವುದಕ್ಕಿಂತ ಐದಾರು ಗಿಡಗಳಿಂದ ಚಿಟಿಕೆ ಚಿಟಿಕೆ ತರುವುದು ಲೇಸು.

ಬೀಜವನ್ನು ನೆರಳಿನಲ್ಲಿ ಆರಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಜರಡಿ ಹಿಡಿದ ಒಲೆಬೂದಿ ಸ್ವಲ್ಪ ಹಾಕಿದ ಗಾಜಿನ ಶೀಶೆಯಲ್ಲಿಡಿ. ಬೂದಿ ತೇವ ಹೀರುತ್ತದೆ, ಹುಳು ಬಾರದು. ಪೊಟ್ಟಣದ ಮೇಲೆ ಗಿಡದ ಹೆಸರು, ಊರು, ತಿಂಗಳು ಬರೆಯಿರಿ. ಶಂಖಪುಷ್ಪ, ತಂಗಡಿ ವರ್ಷಗಟ್ಟಲೆ ಕೆಡುವುದಿಲ್ಲ. ಅಬ್ಬಲಿಗೆಯನ್ನು ಮುಂದಿನ ಮಳೆಗೇ ಬಿತ್ತಿ ಮುಗಿಸುವುದು ಒಳ್ಳೆಯದು. ಕೇಪಳವನ್ನು ಕೂಡಿಡಲೇಬೇಡಿ.

ಯಾವುದಾದರೂ ಒಂದನ್ನೇ ಆರಿಸಿಕೊಳ್ಳಿ ಎಂದರೆ ನನ್ನ ಸಲಹೆ ಅಬ್ಬಲಿಗೆ. ಇಂದೇ ಹೋಗಿ ನಿಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ನಾಟಿ ಅಬ್ಬಲಿಗೆ ಇದೆಯೋ ನೋಡಿ, ಎರಡು ತೆನೆ ಕೀಳದೆ ಬಿಡಿರೆಂದು ಆ ಮನೆಯವರನ್ನು ಕೇಳಿಕೊಂಡು ಬನ್ನಿ.